ಸಮನ್ಸ್ ಬಂದಿಲ್ಲ ಅಂತ ಸುಮ್ನೆ ಕೂರಬೇಡಿ

"ಸಮನ್ಸ್ ಮುಟ್ಟಿಲ್ಲ ಅಂದ್ರ ಕೇಸ್ ಬಿದ್ದು ಹೋಗ್ತದ, ಬಿಡ್ರಿ." ಗದಗಿನಲ್ಲಿ ನಮ್ಮಣ್ಣನಿಗೆ ಹೀಗೆ ಧೈರ್ಯ ಹೇಳಿದವರು ಒಬ್ಬಿಬ್ಬರಲ್ಲ. ಆ ಮಾತು ನಂಬಿ ಕೂತ. ಒಂದು ಶನಿವಾರ ಸಂಜೆ ಪೊಲೀಸರು ವಾರಂಟ್ ಹಿಡಿದು ಬಂದು, ವೈನಿ ಎದುರೇ ಕರೆದುಕೊಂಡು ಹೋದರು.

ಗಾಡಿ ಸಾಲಕ್ಕೆ ಒಂದು ಖಾಸಗಿ ಫೈನಾನ್ಸ್‌ನವರಿಗೆ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದ. ಕಂತು ತಪ್ಪಿತು, ಚೆಕ್ ಬೌನ್ಸ್ ಆಯಿತು. "ಕೇಸ್ ಹಾಕೇವಿ" ಅಂತ ವಸೂಲಿ ಹುಡುಗ ಫೋನ್ ಮಾಡಿದ್ದೂ ಉಂಟು. ಅಷ್ಟರಲ್ಲಿ ಬೆಟಗೇರಿಯ ಬಾಡಿಗೆ ಮನೆ ಬಿಟ್ಟಾಗಿತ್ತು. ಹೊಸ ವಿಳಾಸ ಬಾಯಲ್ಲಿ ಹೇಳಿದ್ದ, ಅವರ ಕಾಗದದಲ್ಲಿ ಹಳೆಯದೇ ಉಳಿದಿತ್ತು.

ವಕೀಲರು ಫೈಲ್ ತೆಗೆಸಿ ನೋಡಿದರೆ, ವಾಪಸ್ ಬಂದ ಸ್ಪೀಡ್ ಪೋಸ್ಟ್ ಲಕೋಟೆಗಳು ಅದರಲ್ಲೇ ಇವೆ. ಒಂದರ ಮೇಲೆ "ಬಾಗಿಲು ಹಾಕಿದೆ" ಅಂತ ಷರಾ. ಇನ್ನೊಂದರ ಮೇಲೆ "ಪಡೆಯಲು ನಿರಾಕರಿಸಿದ್ದಾರೆ". ಮನೆಯಲ್ಲೇ ಇಲ್ಲದವನು ನಿರಾಕರಿಸಿದ್ದು ಹೇಗೋ, ದೇವರೇ ಬಲ್ಲ! ಆದರೆ ಚೆಕ್ ಕೇಸಿನಲ್ಲಿ ಹೀಗೆ "ನಿರಾಕರಿಸಿದ್ದಾರೆ" ಅನ್ನುವ ಷರಾ ಇದ್ದರೆ ಸಮನ್ಸ್ ಜಾರಿಯಾಗಿದೆ ಅಂತ ಕೋರ್ಟ್ ತೀರ್ಮಾನಿಸಬಹುದು. ಚೆಕ್ ಕೇಸುಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 144ನೇ ಕಲಂ ಅದನ್ನೇ ಹೇಳುತ್ತದೆ.

ನಿಜಕ್ಕೂ ಜಾರಿಯಾಗದಿದ್ದರೂ ಕೇಸ್ ಬಿದ್ದು ಹೋಗುವುದಿಲ್ಲ. ಮತ್ತೆ ಸಮನ್ಸ್ ಕಳಿಸುತ್ತಾರೆ, ಅಷ್ಟೇ. ನಮಗೆ ತಿಳಿಸದೆಯೇ ಸಾಕ್ಷಿ ತೆಗೆದುಕೊಂಡು ಶಿಕ್ಷೆ ಕೊಟ್ಟರೆ ಮಾತು ಬೇರೆ, ಅದನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಅಲ್ಲಿಯವರೆಗೆ "ನನಗೆ ಗೊತ್ತಿರಲಿಲ್ಲ" ಅನ್ನುವುದು ವಾರಂಟ್ ರದ್ದು ಮಾಡಿಸಲು ಕೊಡುವ ಕಾರಣ ಮಾತ್ರ. ನಮಗೂ ಅದು ರದ್ದಾಯಿತು. ಆದರೆ ಜಾಮೀನಿಗೆ ಹೊಲದ ಉತಾರ (ಪಹಣಿ) ಇದ್ದವರನ್ನು ಹುಡುಕಿ ರಾತ್ರಿಯೆಲ್ಲ ಫೋನ್ ಮಾಡಿದ್ದು ಯಾರಿಗೂ ಬೇಡ.

ಕೇಸ್ ಹಾಕುವ ಮೊದಲು ಹಣ ಕೇಳಿ ಕಳಿಸುವ ವಕೀಲರ ನೋಟಿಸ್ ಬೇರೆ, ಕೋರ್ಟ್ ಸಮನ್ಸ್ ಬೇರೆ. ನೋಟಿಸ್ ನಿಜಕ್ಕೂ ಸಿಕ್ಕಿರದಿದ್ದರೆ, ಸಮನ್ಸ್ ಸಿಕ್ಕ 15 ದಿನದೊಳಗೆ ಚೆಕ್ಕಿನ ಹಣ ಕಟ್ಟಿ ದೂರು ವಜಾ ಮಾಡಿ ಅಂತ ಕೇಳಲು ದಾರಿ ಇದೆ. ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಲಕೋಟೆ ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಈ ಅವಕಾಶವೂ ಕೈಬಿಟ್ಟು ಹೋಗುತ್ತದೆ.

ಚೆಕ್ ಬೌನ್ಸ್ ಆಗಿದೆ ಅಂತ ಗೊತ್ತಾದ ಕೂಡಲೇ ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ. ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ನೋಡಿ. ನಾವು ಗದಗ ಜಿಲ್ಲೆಯಲ್ಲಿ ಹುಡುಕಿ ಏನೂ ಇಲ್ಲ ಅಂದುಕೊಂಡಿದ್ದೆವು, ಕೇಸ್ ಇದ್ದದ್ದು ಹುಬ್ಬಳ್ಳಿಯಲ್ಲಿ. 2015ರ ತಿದ್ದುಪಡಿ ನಂತರ, ಚೆಕ್ಕನ್ನು ಖಾತೆಗೆ ಹಾಕಿದವರ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ಕೇಸ್ ನಡೆಯುತ್ತದೆ. ಮನೆ ಬದಲಿಸಿದರೆ ಹೊಸ ವಿಳಾಸ ಬರೆದು ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.