ತೋಟದ ಶೆಡ್ಡಿನ ಕಿಟಕಿಗೆ ಗ್ರಿಲ್ ಮತ್ತು ವೆಲ್ಡ್ ಮೆಷ್: ನಾಲ್ಕು ಮಳೆಗಾಲ ಕಳೆದ ಮೇಲೆ

ಸಾಗರ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಶೆಡ್ಡು ಮನೆಯಿಂದ ಅರ್ಧ ಕಿಲೋಮೀಟರ್ ಕೆಳಗಿದೆ. ಕಳೆ ಹೊಡೆಯುವ ಮಷಿನ್, ಕೊಳೆ ರೋಗದ ಔಷಧಿ ಹೊಡೆಯುವ ಪಂಪು, ಮೋಟಾರಿನ ಸ್ಟಾರ್ಟರ್, ಕೇಬಲ್ ಎಲ್ಲ ಇರುವುದು ಅಲ್ಲೇ. ಬಾಗಿಲಿಗೆ ದೊಡ್ಡ ಬೀಗ ಹಾಕಿದ್ದೆವು. ಕದಿಯಲು ಬಂದವರು ಅದನ್ನು ಮುಟ್ಟಲೇ ಇಲ್ಲ. ಹಿಂಬದಿ ಕಿಟಕಿಯ ಗ್ರಿಲ್ಲನ್ನು ಹಾರೆಯಿಂದ ಮೀಟಿ, ಇಡಿಯಾಗಿ ಕಿತ್ತು ಗೋಡೆಗೆ ಒರಗಿಸಿದ್ದರು. ಒಂದು ಸರಳೂ ಬಗ್ಗಿರಲಿಲ್ಲ. ಗೆದ್ದಲು ತಿಂದ ಮರದ ಚೌಕಟ್ಟು, ಅದಕ್ಕೆ ನಾಲ್ಕು ಸ್ಕ್ರೂ. ಗ್ರಿಲ್ ನಿಂತಿದ್ದುದು ಅಷ್ಟರ ಮೇಲೆ.

ಹೊಸ ಗ್ರಿಲ್ಲಿಗೆ 12 ಎಂಎಂ ಚೌಕ ಸರಳನ್ನು ನಾಲ್ಕು ಇಂಚಿಗೊಂದರಂತೆ ಹಾಕಿಸಿದೆ. ಇದು ಮೀಟರಿಗೆ 1.13 ಕಿಲೋ ತೂಗುತ್ತದೆ. 10 ಎಂಎಂ ಆದರೆ 0.785 ಕಿಲೋ. ಕಬ್ಬಿಣಕ್ಕೆ ಬೆಲೆ ತೂಕದ ಮೇಲೆ. ಈಗ ಮಾಡಿಸುವುದಾದರೆ ನಾನು 10 ಎಂಎಂ ಸಾಕು ಎಂದು ಹೇಳಿ, ಉಳಿದ ದುಡ್ಡನ್ನು ಗಾರೆ ಕೆಲಸಕ್ಕೆ ಹಾಕುತ್ತೇನೆ. ವೆಲ್ಡಿಂಗಿನವರು ಆಂಕರ್ ಬೋಲ್ಟ್ ಸಾಕು ಎಂದಿದ್ದರು. ನಮ್ಮದು ಜಂಬಿಟ್ಟಿಗೆ ಗೋಡೆ, ಡ್ರಿಲ್ ಹಾಕಿದಲ್ಲೆಲ್ಲ ಪುಡಿಪುಡಿ ಉದುರಿತು. ಕೊನೆಗೆ ಮೇಸ್ತ್ರಿ ಒಂದೊಂದು ಪಕ್ಕಕ್ಕೆ ಮೂರರಂತೆ ಆರಿಂಚು ಆಳದ ಗುಂಡಿ ಕೊರೆದು, ಗ್ರಿಲ್ಲಿಗೇ ವೆಲ್ಡ್ ಮಾಡಿದ ಹೋಲ್ಡ್‌ಫಾಸ್ಟ್ (ಗೋಡೆಯೊಳಗೆ ಹೂತು ಹಿಡಿಯುವ ಕಬ್ಬಿಣದ ಪಟ್ಟಿ) ಇಳಿಸಿ, ಜಲ್ಲಿ ಕಾಂಕ್ರೀಟ್ ತುಂಬಿದರು. ಒಂದು ವಾರ ಬಿಡದೆ ನೀರು ಹಾಕಿದೆ.

ನಾಲ್ಕಿಂಚಿನ ಸಂದಿಯಲ್ಲಿ ಕೈ ತೂರುತ್ತದೆ, ಕೊಕ್ಕೆ ಕಟ್ಟಿದ ದಬ್ಬೆ ಸಿಕ್ಕರೆ ಒಳಗಿನ ಕೇಬಲ್ಲನ್ನೂ ಎಳೆಯಬಹುದು. ಅದಕ್ಕೇ ಒಳಬದಿಗೆ ಒಂದಿಂಚು ಕಣ್ಣಿನ ಜಿಐ ವೆಲ್ಡ್ ಮೆಷ್ (ಸತು ಲೇಪಿಸಿದ ಕಬ್ಬಿಣದ ತಂತಿ ಬೆಸೆದ ಜಾಲರಿ) ಬಿಗಿಸಿದ್ದು. ಮಂಗಗಳ ಕಾಟವೂ ನಿಂತಿತು. ಗಾಜಿಗೆ ಒಳಗಿನಿಂದ ಬಿಳಿ ಬಣ್ಣ ಬಳಿದೆ: ಬೆಳಕು ಬರುತ್ತದೆ, ಸಾಮಾನು ಕಾಣುವುದಿಲ್ಲ.

ಎರಡನೇ ಮಳೆಗಾಲದಲ್ಲಿ ಮೆಷ್‌ನ ಕೆಳಗಿನ ಒಂದು ಗೇಣು ಕೆಂಪಾಗಿ ಉದುರತೊಡಗಿತು. ಮೇಲ್ಭಾಗ ಮಾತ್ರ ಹೊಸದರ ಹಾಗೆಯೇ ಇತ್ತು. ಮಳೆಯ ಥಂಡಿ ಎಂದುಕೊಂಡಿದ್ದೆ, ಆದರೆ ಕಾರಣ ಮೈಲುತುತ್ತ (ಕಾಪರ್ ಸಲ್ಫೇಟ್). ಕೊಳೆ ಔಷಧಿಯಾದ ಬೋರ್ಡೋ ದ್ರಾವಣಕ್ಕೆ ಅದನ್ನು ಕರಗಿಸುತ್ತಿದ್ದುದು ಆ ಕಿಟಕಿಯ ಬುಡದಲ್ಲೇ. ಮೈಲುತುತ್ತದ ನೀರು ಸತುವಿನ ಲೇಪವನ್ನೂ ಕಬ್ಬಿಣವನ್ನೂ ತಿನ್ನುತ್ತದೆ, ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎನ್ನುವುದೂ ಇದಕ್ಕೇ. ಆ ತುಂಡು ಬದಲಿಸಿ, ಔಷಧಿ ಡ್ರಮ್ಮನ್ನು ಹೊರಗೆ ಹಲಸಿನ ಮರದಡಿಗೆ ಸಾಗಿಸಿದೆ. ಆಮೇಲೆ ತುಕ್ಕು ಕಂಡಿಲ್ಲ. ಗ್ರಿಲ್ಲಿನ ವೆಲ್ಡ್ ಜಾಗಗಳಿಗೆ ಮಾತ್ರ ಪ್ರತಿ ಬೇಸಿಗೆ ಉಜ್ಜುಕಾಗದ ಹಾಕಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಲೇಬೇಕು, ನಮ್ಮ ಮಳೆ ಬಿಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಯಾರೋ ಮತ್ತೆ ಬಂದಿದ್ದರು. ಎಡಪಕ್ಕದ ಗಿಲಾವು ಎರಡು ಕಡೆ ಹಾರೆಯ ಮೊನೆಯಷ್ಟು ಎದ್ದಿತ್ತು. ಗ್ರಿಲ್ ಅಲುಗಿರಲಿಲ್ಲ, ಒಳಗಿನದೆಲ್ಲ ಇಟ್ಟಲ್ಲೇ ಇತ್ತು. ಇನ್ನು ಉಳಿದಿರುವುದು ಮಾಡು. ಹಂಚು ಸರಿಸಿ ಇಳಿಯುವುದು ಕಷ್ಟವಲ್ಲ. ಬರುವ ಮಳೆಗೆ ಮುಂಚೆ ರೀಪಿನ ಅಡಿಗೂ ಇದೇ ಮೆಷ್ ಹೊಡೆಸಬೇಕು.