ಚಾನೆಲ್ ಪಟ್ಟಿಯ ಸ್ಕ್ರಿಪ್ಟ್ ಬರೆಯೋರೇ, ‘ಸೇ’ ಹಾಕಬೇಡಿ

ನಮ್ಮದು ಸೋಮವಾರಪೇಟೆ ಕಡೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇರೋದಿಲ್ಲ. ಕರೆಂಟ್ ಹೋದಾಗಲೆಲ್ಲ ಐಆರ್‌ಸಿಯಿಂದ ಆಚೆ ಬೀಳುತ್ತೇನೆ. ಐಆರ್‌ಸಿ ಅಂದರೆ ಇಂಟರ್‌ನೆಟ್‌ನಲ್ಲಿ ಬರೆದು ಹರಟುವ ಹಳೇ ವ್ಯವಸ್ಥೆ, ಅದರ ಒಂದೊಂದು ಹರಟೆ ಕೋಣೆಯೇ ಚಾನೆಲ್. ಮೂರು ಸರ್ವರ್‌ಗಳಲ್ಲಿ ಯಾವ ಯಾವ ಚಾನೆಲ್‌ಗಳಲ್ಲಿದ್ದೆ ಅಂತ ಆಮೇಲೆ ನೆನಪಾಗೋದಿಲ್ಲ. ಅದಕ್ಕೆ ಕಕ್ಕಡ ತಿಂಗಳ ಮಳೆಯಲ್ಲಿ ಕೂತು, ನಾನು ಐಆರ್‌ಸಿಗೆ ಬಳಸುವ ಹೆಕ್ಸ್‌ಚಾಟ್ ಅನ್ನೋ ಕ್ಲೈಂಟ್‌ಗೆ, ಸೇರಿರುವ ಚಾನೆಲ್‌ಗಳ ಪಟ್ಟಿ ಕೊಡುವ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್ ಬರೆದೆ.

ಮೊದಲು ಲಿಸ್ಟ್ ಕಮಾಂಡ್ ಸಾಕು ಅಂದುಕೊಂಡಿದ್ದೆ. ಅದು ಸರ್ವರ್‌ನ ಚಾನೆಲ್‌ಗಳನ್ನೆಲ್ಲ ತಂದು ಸುರಿಯುತ್ತದೆ, ನಾವು ಸೇರಿದ್ದನ್ನು ಬೇರೆ ಮಾಡಿ ತೋರಿಸೋದಿಲ್ಲ. ನಮಗೆ ಬೇಕಾದ್ದು ಕ್ಲೈಂಟ್ ಹತ್ತಿರವೇ ಇದೆ. ಸ್ಕ್ರಿಪ್ಟ್‌ನಲ್ಲಿ ಗೆಟ್‌ಲಿಸ್ಟ್ ಅನ್ನೋ ಫಂಕ್ಷನ್‌ಗೆ ‘ಚಾನೆಲ್ಸ್’ ಅಂತ ಕೊಟ್ಟರೆ ತೆರೆದಿರುವ ಪ್ರತಿ ಟ್ಯಾಬಿನ ವಿವರ ಬರುತ್ತದೆ. ಟೈಪ್ 1 ಅಂದರೆ ಸರ್ವರ್, 2 ಚಾನೆಲ್, 3 ಇಬ್ಬರ ನಡುವಿನ ಖಾಸಗಿ ಮಾತು. 2 ಮಾತ್ರ ಆರಿಸಬೇಕಿತ್ತು, ನಾನು ಎಲ್ಲವನ್ನೂ ತಗೊಂಡೆ. ಮತ್ತೆ ಸೇರುವಾಗ ಬೇಕಾಗುತ್ತದೆ ಅಂತ ‘ಚಾನೆಲ್‌ಕೀ’ ಕೂಡ ಸೇರಿಸಿದೆ. ಬೀಗ ಹಾಕಿದ ಚಾನೆಲ್‌ನ ಪಾಸ್‌ವರ್ಡ್ ಅದು!

ಪಟ್ಟಿಯನ್ನು ಹೊರಗೆ ಹಾಕುವ ಸಾಲಿನಲ್ಲಿ ಪ್ರಿಂಟ್ ಬದಲು ‘ಸೇ’ ಕಮಾಂಡ್ ಬರೆದಿದ್ದೆ. ಪ್ರಿಂಟ್ ಮಾಡಿದ್ದು ನಮ್ಮ ಪರದೆಯಲ್ಲಿ ಮಾತ್ರ ಕಾಣುತ್ತದೆ. ‘ಸೇ’ ಅಂದರೆ ಆಗ ಯಾವ ಚಾನೆಲ್‌ನಲ್ಲಿದ್ದೀವೋ ಅಲ್ಲಿರುವ ಎಲ್ಲರಿಗೂ ಹೇಳಿದ ಹಾಗೆ. ನಾನಿದ್ದದ್ದು ಕೆಲಸದ ಚಾನೆಲ್‌ನಲ್ಲಿ.

ಒಂದೇ ಸಲ ಸಾಲುಗಳು ನುಗ್ಗಿ ಫ್ಲಡ್ ಆಗದಿರಲಿ ಅಂತ ಕ್ಲೈಂಟ್ ಸಾಲುಗಳನ್ನು ತಡೆದು ತಡೆದು ಕಳಿಸುತ್ತದೆ. ಒಂದೊಂದೇ ಸಾಲು ಹೋಗೋದು ಕಣ್ಣೆದುರೇ ಕಾಣುತ್ತಿತ್ತು. ‘ಫ್ಲಶ್‌ಕ್ಯೂ’ ಅಂತ ಹೊಡೆದರೆ ಕಾಯುತ್ತಿರುವ ಸಾಲುಗಳು ಅಳಿಸಿ ಹೋಗುತ್ತವೆ. ನನಗೆ ಆಗ ಅದು ಗೊತ್ತಿರಲಿಲ್ಲ. ದಯವಿಟ್ಟು ಈ ಕಮಾಂಡ್ ನೆನಪಿಟ್ಟುಕೊಳ್ಳಿ.

ಆ ಪಟ್ಟಿಯಲ್ಲಿ ನಾವು ನಾಲ್ವರು ಗೆಳೆಯರ ಒಂದು ಚಾನೆಲ್ ಇತ್ತು. ನಮ್ಮಲ್ಲೊಬ್ಬಳ ಚಿಕಿತ್ಸೆ ಬಗ್ಗೆ ಮಾತಾಡೋಕೆ ಮಾಡಿಕೊಂಡಿದ್ದು. ಹೆಸರಲ್ಲೇ ಕಾಯಿಲೆಯ ಹೆಸರಿತ್ತು, ಅದರ ಪಕ್ಕದಲ್ಲೇ ಪಾಸ್‌ವರ್ಡ್. ಅವಳು ಕೆಲಸದ ಕಡೆ ಯಾರಿಗೂ ಹೇಳಿರಲಿಲ್ಲ. ಆ ಚಾನೆಲ್‌ಗೆ ಸೀಕ್ರೆಟ್ ಮೋಡ್ ಹಾಕಿದ್ದೆವು. ಹೊರಗಿನವರಿಗೆ ಅದು ಲಿಸ್ಟ್‌ನಲ್ಲಾಗಲಿ, ಒಬ್ಬರ ವಿವರ ತೋರಿಸುವ ಹೂಈಸ್ ಕಮಾಂಡ್‌ನಲ್ಲಾಗಲಿ ಕಾಣೋದಿಲ್ಲ. ನಾವೇ ಬಾಯಿಬಿಟ್ಟರೆ ಮೋಡ್ ಏನು ಮಾಡುತ್ತೆ, ಅಲ್ವಾ?

ಪಾಸ್‌ವರ್ಡ್ ಬದಲಿಸಿದೆವು. ಆದರೆ ಅಷ್ಟರಲ್ಲಿ ಒಳಗೆ ಬಂದವರನ್ನು ಹೊಸ ಪಾಸ್‌ವರ್ಡ್ ಹೊರಗೆ ಹಾಕೋದಿಲ್ಲ. ಗುರುತಿಲ್ಲದ ಒಂದು ನಿಕ್ (ಅಡ್ಡಹೆಸರು) ಒಳಗಿತ್ತು, ಕಿಕ್ ಮಾಡಿ ಹೊರಗೆ ಹಾಕಬೇಕಾಯಿತು. ಕೆಲಸದ ಚಾನೆಲ್‌ನಲ್ಲಿ ಅಲ್ಲಿ ಬಂದ ಮಾತನ್ನೆಲ್ಲ ತಾನಾಗೇ ಲಾಗ್‌ನಲ್ಲಿ ಬರೆದಿಡುವ ಬಾಟ್ ಬೇರೆ ಇದೆ. ಐಆರ್‌ಸಿಯಲ್ಲಿ ಕಳಿಸಿದ ಸಾಲನ್ನು ವಾಪಸ್ ತಗೊಳ್ಳೋಕೆ ಬರೋದಿಲ್ಲ. ಆ ಲಾಗ್ ನೋಡಿಕೊಳ್ಳೋರನ್ನು ಕೇಳಿಕೊಂಡು ಅಳಿಸೋಕೆ ಮೂರು ದಿನ ಹಿಡಿಯಿತು.

ಈಗ ಹೊಸ ಸ್ಕ್ರಿಪ್ಟನ್ನು ಮೊದಲು ಯಾರೂ ಇಲ್ಲದ, ನಾನೇ ತೆರೆದ ಚಾನೆಲ್‌ನಲ್ಲಿ ಓಡಿಸುತ್ತೇನೆ. ‘ಸೇ’ ಅಂತ ಎಲ್ಲಾದರೂ ಇದೆಯಾ ಅಂತ ಹುಡುಕಿದ ಮೇಲೆಯೇ. ಚಾನೆಲ್‌ಕೀ ಅಂತೂ ಪಟ್ಟಿಯಲ್ಲೇ ಇಲ್ಲ.

“ಬೇಕಂತ ಮಾಡಿಲ್ಲ ಅಂತ ಗೊತ್ತು ಕಣೋ” ಅಂದಳು ಅವಳು. ಹೊಸ ಚಾನೆಲ್ ಮಾಡಿದ್ದೇವೆ. ಅವಳು ಇನ್ನೂ ಬಂದಿಲ್ಲ.