ಅಗ್ನಿ ವಿಮೆಯ ತನಿಖಾ ಸೇವೆ: ಒಂದು ವಿಮರ್ಶೆ

ನಮ್ಮ ಗೋದಾಮಿಗೆ ಬೆಂಕಿ ಬಿದ್ದಾಗ ವಿಮಾ ಕಂಪನಿ ಒದಗಿಸಿದ ತನಿಖಾ ಸೇವೆಯನ್ನು ಮೆಚ್ಚಲೇಬೇಕು. ಅವಶೇಷಗಳನ್ನು ತೆರವುಗೊಳಿಸುವ ಮೊದಲೇ ಬಂದ ತಜ್ಞರು, ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯೊಂದು ಬೆಂಕಿಯ ತನಿಖೆಗೆಂದು 1992ರಲ್ಲಿ ಮೊದಲು ಪ್ರಕಟಿಸಿದ ಎನ್‌ಎಫ್‌ಪಿಎ 921 ಮಾರ್ಗದರ್ಶಿಯ ವೈಜ್ಞಾನಿಕ ಕ್ರಮದಂತೆ ಬೆಂಕಿ ಹುಟ್ಟಿದ ಜಾಗವನ್ನು ಗುರುತಿಸಿ, ಪೆಟ್ರೋಲಿನಂಥ ದ್ರವದ ಕುರುಹು ಇದೆಯೇ ಎಂದು ತಿಳಿಯಲು ಸುಟ್ಟ ಮಾದರಿಗಳನ್ನು ಗಾಳಿಯಾಡದ ಲೋಹದ ಡಬ್ಬಿಗಳಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಿದರು. ಸಾಲದ ವಿವರ, ವಿಮಾ ಮೊತ್ತವನ್ನು ಇತ್ತೀಚೆಗೆ ಏರಿಸಿದ್ದೆವೇ ಎಂಬಂಥ ಪ್ರಶ್ನೆಗಳು ಮುಜುಗರ ತಂದರೂ ನ್ಯಾಯವಾದವೇ. ಹಣಕ್ಕಾಗಿ ಹಚ್ಚಿದ ಬೆಂಕಿ ಅಗ್ನಿಶಾಮಕ ಸಿಬ್ಬಂದಿಯ ಪ್ರಾಣಕ್ಕೂ ಪ್ರಾಮಾಣಿಕರ ಪ್ರೀಮಿಯಂಗೂ ಕುತ್ತು ತರುತ್ತದೆ. ಕೊರತೆಯೆಂದರೆ ವಿಳಂಬ, ತನಿಖೆ ಎಲ್ಲಿಗೆ ಬಂದಿದೆಯೆಂದು ಯಾರೂ ತಿಳಿಸಲಿಲ್ಲ. ಹೀಗೆ ಹಚ್ಚಿದ ಬೆಂಕಿಯ ಬಗ್ಗೆ ಸದುದ್ದೇಶದಿಂದ ಪೊಲೀಸರಿಗೆ ಮಾಹಿತಿ ನೀಡುವ ವಿಮಾ ಕಂಪನಿಗಳಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಾನೂನುಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ. ಅಂಥವನ್ನು ರೂಪಿಸುವ ಶಾಸಕರು ಪರಿಹಾರದ ತೀರ್ಮಾನಕ್ಕೂ ಗಡುವು ವಿಧಿಸಬೇಕು.